ವಿದ್ಯುತ್ತಿನ ತ್ರೈರಾಶಿಕ

1

ಚೆನ್ನೈ ನಗರದ ಉತ್ತರದ ಅಂಚಿನಲ್ಲಿ ಕಡಲಿಗೆ ಮೈಯೊಡ್ಡಿ ನಿಂತಿರುವ ತಿರುವೊಟ್ಟಿಯೂರು ಕನ್ನಡ ಚರಿತ್ರೆಯ ಅಭ್ಯಾಸಿಗಳಿಗೆ ಅಪರಿಚಿತವಾದ ಊರಲ್ಲ. 949ರಲ್ಲಿ ತಕ್ಕೋಲದ ಯುದ್ಧವನ್ನು ಗೆದ್ದು ತೊಂಡೈಮಂಡಲವನ್ನು ವಶಪಡಿಸಿಕೊಂಡ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ ಶಾಸನಗಳು ಇಲ್ಲಿಯ ತ್ಯಾಗರಾಜಸ್ವಾಮಿ ದೇವಾಲಯದಲ್ಲಿ ದೊರೆತಿವೆ. ತಮಿಳು ಶಾಸನಗಳು ಆತನನ್ನು ಕನ್ನರದೇವನೆಂದು ಕರೆಯುತ್ತವೆ. ಈ ಪ್ರಾಂತ್ಯದ ದೇವಾಲಯಗಳ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ವಿಷಯ ನಂದಾದೀಪದ ದತ್ತಿ. ಒಂದು ದೀಪವು ಹಗಲಿರುಳೂ ಉರಿಯಲೆಂದು ಸಾಮಾನ್ಯವಾಗಿ ತೊಂಬತ್ತು ಅಥವಾ ತೊಂಬತ್ತಾರು ಕುರಿಗಳನ್ನು ಬಿಡುತ್ತಿದ್ದರು. ಆ ಕುರಿಗಳಿಗೆ ಸಾವೂ ಇಲ್ಲ, ಮುಪ್ಪೂ ಇಲ್ಲವೆಂದು ಶಾಸನಗಳು ಹೇಳುತ್ತವೆ. ಎಂದರೆ ಸತ್ತ ಕುರಿಯ ಸ್ಥಳಕ್ಕೆ ಮರಿ ಬಂದು ಮೂಲಧನವು ಕುಂದದೆ ಉಳಿಯುತ್ತದೆ. ದಿನದಿನವೂ ಸಲ್ಲಬೇಕಾದ ತುಪ್ಪವು ಅದರ ಬಡ್ಡಿ. ಬೆಳಕಿಗೆ ಲೆಕ್ಕವಿಡುವ ಪದ್ಧತಿಯು ಹೀಗೆ ಈ ಊರಿಗೆ ಸಾವಿರ ವರ್ಷಗಳಿಗೂ ಹಿಂದಿನದು.

ಅದೇ ರಾಷ್ಟ್ರಕೂಟರ ಆಶ್ರಯದಲ್ಲಿ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ಇಂತಹ ಗ್ರಂಥಗಳ ಬೆನ್ನೆಲುಬು ತ್ರೈರಾಶಿಕ: ಗೊತ್ತಿರುವ ಮೂರು ರಾಶಿಗಳಿಂದ ಗೊತ್ತಿಲ್ಲದ ನಾಲ್ಕನೆಯದನ್ನು ತೆಗೆಯುವ ಕ್ರಮ. ಇಂದು ತಿರುವೊಟ್ಟಿಯೂರಿನ ಮನೆಯೊಂದರಲ್ಲಿ ದೀಪ ಹೊತ್ತುವುದಕ್ಕೂ, ನೀರು ಕಾಯುವುದಕ್ಕೂ, ಮಳೆಗಾಲದಲ್ಲಿ ಒದ್ದೆಗೋಡೆಯನ್ನು ಮುಟ್ಟಿದವನು ಬದುಕುವುದಕ್ಕೂ ಸಂಬಂಧಿಸಿದ ಗಣಿತವು ಬಹುಮಟ್ಟಿಗೆ ಈ ತ್ರೈರಾಶಿಕವೇ. ಆದರೆ ಅದು ಒಂದು ಮುಖ್ಯ ಸ್ಥಳದಲ್ಲಿ ಸಲ್ಲುವುದಿಲ್ಲ. ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ಅರಿತರೆ ಹಣವೂ ಉಳಿಯುತ್ತದೆ, ಪ್ರಾಣವೂ ಉಳಿಯುತ್ತದೆ.

2

ವಿದ್ಯುತ್ತಿನ ವ್ಯವಹಾರದಲ್ಲಿ ಮೊದಲು ತಿಳಿಯಬೇಕಾದ ರಾಶಿಗಳು ಮೂರು. ತಂತಿಯ ಎರಡು ತುದಿಗಳ ನಡುವೆ ಇದ್ದು ವಿದ್ಯುತ್ತನ್ನು ನೂಕುವ ಒತ್ತಡವು ವಿಭವಾಂತರ; ಇದನ್ನು ವೋಲ್ಟುಗಳಲ್ಲಿ ಅಳೆಯುತ್ತಾರೆ. ಒಂದು ಸೆಕೆಂಡಿಗೆ ಎಷ್ಟು ವಿದ್ಯುತ್ತು ಹರಿಯಿತೆಂಬುದು ಪ್ರವಾಹ. ಇದರ ಮಾನ ಆಂಪೇರ್. ಹರಿವಿಗೆ ವಸ್ತುವು ಒಡ್ಡುವ ತಡೆ ರೋಧ. ಇದರ ಮಾನ ಓಮ್. ಎತ್ತರದಲ್ಲಿ ಕಟ್ಟಿದ ನೀರಿನ ತೊಟ್ಟಿಯನ್ನು ನೆನೆದರೆ ಇದು ಸುಲಭವಾಗಿ ಮನಸ್ಸಿಗೆ ಬರುತ್ತದೆ. ತೊಟ್ಟಿಯ ಎತ್ತರ ಹೆಚ್ಚಿದಷ್ಟೂ ನಲ್ಲಿಯಲ್ಲಿ ನೀರು ರಭಸವಾಗಿ ಬರುತ್ತದೆ. ಕೊಳವೆ ಸಣ್ಣದಾಗಿಯೂ ಉದ್ದವಾಗಿಯೂ ಇದ್ದಷ್ಟೂ ನೀರು ಕಡಮೆಯಾಗುತ್ತದೆ.

ಈ ಮೂರರ ಸಂಬಂಧವನ್ನು ಪ್ರಯೋಗದಿಂದ ಸ್ಥಾಪಿಸಿದವನು ಜರ್ಮನಿಯ ಗೆಯೋರ್ಗ್ ಸೈಮನ್ ಓಮ್. ಕಲೋನ್ ನಗರದಲ್ಲಿ ಶಾಲೋಪಾಧ್ಯಾಯನಾಗಿದ್ದ ಆತನಿಗೆ ಮೊದಲು ಅಡ್ಡಿಯಾದದ್ದು ವೋಲ್ಟಾ ಮಾದರಿಯ ಬ್ಯಾಟರಿಗಳ ಚಂಚಲತೆ. ಅಳೆಯುತ್ತಿರುವಾಗಲೇ ಅವುಗಳ ಒತ್ತಡ ಕುಸಿಯುತ್ತಿತ್ತು. ಆದಕಾರಣ 1826ರಲ್ಲಿ ಆತನು ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿಯೂ ಮತ್ತೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿ, ಕದಲದ ಒತ್ತಡವೊಂದನ್ನು ಪಡೆದನು. ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಸೇರಿಸಿ ಪ್ರವಾಹವನ್ನು ಅಳೆದನು. 1827ರಲ್ಲಿ ಪ್ರಕಟವಾದ ಆತನ ಗ್ರಂಥಕ್ಕೆ ಸ್ವದೇಶದಲ್ಲಿ ತಕ್ಕ ಮನ್ನಣೆ ದೊರೆಯಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಆತನಿಗಿಂತ ಬಹಳ ಮುಂಚೆ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಇದೇ ನಿಯಮದ ಬಳಿಗೆ ಬಂದಿದ್ದನು. ಮಾಪಕಗಳಿಲ್ಲದ ಆ ದಿನಗಳಲ್ಲಿ ತನ್ನ ಮೈಗೆ ತಗುಲಿದ ಆಘಾತದ ತೀವ್ರತೆಯಿಂದಲೇ ಆತನು ಪ್ರವಾಹವನ್ನು ಅಳೆಯುತ್ತಿದ್ದನು. ಆದರೆ ಅದನ್ನು ಪ್ರಕಟಿಸಲಿಲ್ಲ. ಮ್ಯಾಕ್ಸ್‌ವೆಲ್ 1879ರಲ್ಲಿ ಆ ಬರೆಹಗಳನ್ನು ಅಚ್ಚು ಮಾಡಿಸುವವರೆಗೆ ಲೋಕಕ್ಕೆ ಅದು ತಿಳಿಯಲಿಲ್ಲ.

ಓಮನ ನಿಯಮ ಇಷ್ಟೆ: ಉಷ್ಣತೆ ಮೊದಲಾದುವು ಬದಲಾಗದಿದ್ದರೆ, ಪ್ರವಾಹವು ವಿಭವಾಂತರದ ಪ್ರಮಾಣದಲ್ಲಿಯೇ ಏರಿಳಿಯುತ್ತದೆ. ವಿಭವಾಂತರಕ್ಕೆ 'ವಿ', ಪ್ರವಾಹಕ್ಕೆ 'ಪ್ರ', ರೋಧಕ್ಕೆ 'ರೋ' ಎಂದು ಸಂಕೇತವಿಟ್ಟರೆ,

ವಿ = ಪ್ರ × ರೋ;  ಪ್ರ = ವಿ ÷ ರೋ;  ರೋ = ವಿ ÷ ಪ್ರ.

ಇಲ್ಲಿಯವರೆಗೆ ಶುದ್ಧ ತ್ರೈರಾಶಿಕ. 10 ವೋಲ್ಟಿಗೆ 2 ಆಂಪೇರ್ ಹರಿದರೆ 15 ವೋಲ್ಟಿಗೆ ಎಷ್ಟು? ಮೂರು ಆಂಪೇರ್. ರೋಧವು ಎರಡು ಸಂದರ್ಭಗಳಲ್ಲಿಯೂ 5 ಓಮ್.

3

ನಾಲ್ಕನೆಯ ರಾಶಿಯು ಸಾಮರ್ಥ್ಯ. ಒಂದು ಸೆಕೆಂಡಿನಲ್ಲಿ ಎಷ್ಟು ಕೆಲಸ ನಡೆಯಿತೆಂಬುದೇ ಸಾಮರ್ಥ್ಯ. ಇದರ ಮಾನ ವಾಟ್. ನೂಕುವ ಒತ್ತಡವನ್ನು ಹರಿಯುವ ಪ್ರಮಾಣದಿಂದ ಗುಣಿಸಿದರೆ ಸಾಮರ್ಥ್ಯವು ಬರುತ್ತದೆ. ಇದಕ್ಕೆ 'ಸಾ' ಎಂಬ ಸಂಕೇತವಿಟ್ಟು, ಓಮನ ನಿಯಮವನ್ನು ಇದರೊಡನೆ ಕೂಡಿಸಿದರೆ ಮೂರು ರೂಪಗಳು ದೊರೆಯುತ್ತವೆ:

ಸಾ = ವಿ × ಪ್ರ;  ಸಾ = ಪ್ರ × ಪ್ರ × ರೋ;  ಸಾ = ವಿ × ವಿ ÷ ರೋ.

ಎರಡನೆಯ ರೂಪವು ತಂತಿಯಲ್ಲಿ ಹುಟ್ಟುವ ಶಾಖದ ನಿಯಮ. 1841ರಲ್ಲಿ ಜೇಮ್ಸ್ ಜೂಲನು ಇದನ್ನು ಪ್ರಯೋಗದಿಂದ ತೋರಿಸಿದನು. ಎರಡನೆಯ ಮತ್ತು ಮೂರನೆಯ ರೂಪಗಳಲ್ಲಿ ವರ್ಗವು ಬಂದಿರುವುದನ್ನು ವಾಚಕರು ಗಮನಿಸಬೇಕು. ತ್ರೈರಾಶಿಕವು ಸಲ್ಲದ ಸ್ಥಳ ಇದೇ. ರೋಧವು ಸ್ಥಿರವಾಗಿರುವಾಗ ವಿಭವಾಂತರವು ಇಮ್ಮಡಿಯಾದರೆ ಪ್ರವಾಹವು ಇಮ್ಮಡಿಯಾಗುತ್ತದೆ, ಸಾಮರ್ಥ್ಯವಾದರೋ ನಾಲ್ಮಡಿಯಾಗುತ್ತದೆ.

ವಾಟು ಬೇರೆ, ಮೀಟರಿನಲ್ಲಿ ಓಡುವ ಯೂನಿಟ್ಟು ಬೇರೆ. ಇವೆರಡನ್ನು ಬೆರೆಸುವುದು ತಿಂಗಳ ಸಂಬಳವನ್ನೂ ಉಳಿತಾಯ ಖಾತೆಯ ಮೊತ್ತವನ್ನೂ ಒಂದೆಂದು ತಿಳಿದ ಹಾಗೆ. ವಾಟು ದರ, ಯೂನಿಟ್ಟು ಮೊತ್ತ. 1,000 ವಾಟಿನ ಉಪಕರಣವು ಒಂದು ಗಂಟೆ ನಡೆದರೆ ಒಂದು ಯೂನಿಟ್ಟು ಖರ್ಚಾಗುತ್ತದೆ.

ನಂದಾದೀಪದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ದಿನಕ್ಕೆ 100 ಗ್ರಾಂ ತುಪ್ಪವು ಒಂದೇ ಸಮನಾಗಿ ಉರಿಯುತ್ತದೆಂದು ಭಾವಿಸಿದರೆ, ಅದರಿಂದ ಬಿಡುಗಡೆಯಾಗುವ ಶಕ್ತಿ ಸುಮಾರು 900 ಕಿಲೋಕ್ಯಾಲೊರಿ, ಎಂದರೆ ಸುಮಾರು 37.7 ಲಕ್ಷ ಜೂಲ್. ಇದನ್ನು ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ ಬರುವ ಸಾಮರ್ಥ್ಯ 44 ವಾಟಿಗೆ ಸಮೀಪ. ಗರ್ಭಗುಡಿಯ ಒಂದು ಹಣತೆಯ ಸಾಮರ್ಥ್ಯ ಹಳೆಯ ಕಾಲದ ವಿದ್ಯುದ್ದೀಪಕ್ಕೆ ಸಾಟಿಯಾದದ್ದೆಂಬುದು ಆಶ್ಚರ್ಯದ ಮಾತು. ಆದರೆ ಅದರ ಅತ್ಯಲ್ಪ ಭಾಗ ಮಾತ್ರ ಬೆಳಕಾಗುತ್ತದೆ, ಉಳಿದುದೆಲ್ಲ ಶಾಖ. ಇಂದಿನ 5 ವಾಟಿನ ಎಲ್‌ಇಡಿ ದೀಪವು ಅದಕ್ಕಿಂತ ಎಷ್ಟೋ ಹೆಚ್ಚಿನ ಬೆಳಕನ್ನು ಕೊಟ್ಟು, ವರ್ಷವಿಡೀ ಹಗಲಿರುಳು ಉರಿದರೂ 44 ಯೂನಿಟ್ಟುಗಳಷ್ಟನ್ನೇ ವ್ಯಯಿಸುತ್ತದೆ. 60 ವಾಟಿನ ತಂತುದೀಪಕ್ಕೆ ಅದೇ ಅವಧಿಯಲ್ಲಿ 525 ಯೂನಿಟ್ಟುಗಳಿಗೂ ಮಿಗಿಲಾಗಿ ಬೇಕು.

4

ತಿರುವೊಟ್ಟಿಯೂರಿನ ಮನೆಗಳಿಗೆ ಸರಬರಾಜಾಗುವ ವಿದ್ಯುತ್ತು, ನಾಡಿನ ಇತರೆಡೆಗಳಲ್ಲಿರುವಂತೆ, 230 ವೋಲ್ಟಿನದು. ಉಪಕರಣದ ಹಣೆಯ ಮೇಲೆ ವಾಟು ಬರೆದಿರುತ್ತದೆ. ಈ ಎರಡರಿಂದ ಉಳಿದೆರಡನ್ನು ತೆಗೆಯಬಹುದು.

1,000 ವಾಟಿನ ಇಸ್ತ್ರಿ ಪೆಟ್ಟಿಗೆಯನ್ನು ನೋಡೋಣ. ಪ್ರವಾಹ 1,000 ÷ 230, ಎಂದರೆ 4.35 ಆಂಪೇರ್, ರೋಧ 230 × 230 ÷ 1,000, ಎಂದರೆ 52.9 ಓಮ್. 2,000 ವಾಟಿನ ನೀರು ಕಾಯಿಸುವ ಹೀಟರಿಗೆ ಪ್ರವಾಹ 8.7 ಆಂಪೇರ್, ರೋಧ 26.45 ಓಮ್. ಸಾಮರ್ಥ್ಯ ಹೆಚ್ಚಿದ ಉಪಕರಣದ ರೋಧ ಕಡಮೆಯೆಂಬುದು ಮೊದಲ ನೋಟಕ್ಕೆ ವಿಪರೀತವಾಗಿ ತೋರಬಹುದು. ಒತ್ತಡವು ಎಲ್ಲಕ್ಕೂ ಒಂದೇ ಆಗಿರುವಾಗ ತಡೆ ಕಡಮೆಯಿರುವಲ್ಲಿಯೇ ಹೆಚ್ಚು ಹರಿಯುವುದು ಸಹಜ.

ಬೇಸಿಗೆಯ ರಾತ್ರಿಯೊಂದರಲ್ಲಿ, ಬೀದಿಯ ಎಲ್ಲ ಮನೆಗಳಲ್ಲಿಯೂ ಹವಾನಿಯಂತ್ರಕಗಳು ನಡೆಯುತ್ತಿರುವಾಗ, ವೋಲ್ಟೇಜು 200ಕ್ಕೆ ಇಳಿಯಿತೆಂದು ಭಾವಿಸೋಣ. ಇಳಿದದ್ದು ನೂರಕ್ಕೆ 13ರಷ್ಟು. ಹೀಟರಿನ ಸಾಮರ್ಥ್ಯವೂ ನೂರಕ್ಕೆ 13ರಷ್ಟೇ ಇಳಿದು 1,740 ವಾಟ್ ಆಯಿತೆಂದು ತ್ರೈರಾಶಿಕವನ್ನು ನಂಬಿದವನು ಹೇಳುತ್ತಾನೆ. ವಾಸ್ತವವಾಗಿ 200 × 200 ÷ 26.45 ಎಂಬುದು 1,512 ವಾಟ್. ಇಳಿತ ನೂರಕ್ಕೆ 24ಕ್ಕಿಂತ ಹೆಚ್ಚು. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 22 ಲಕ್ಷ ಜೂಲ್ ಶಕ್ತಿ ಬೇಕು. ಸೋರಿಕೆಯನ್ನು ಬಿಟ್ಟರೆ, ಪೂರ್ಣ ವೋಲ್ಟೇಜಿನಲ್ಲಿ ಇದಕ್ಕೆ 18 ನಿಮಿಷಗಳು ಸಾಕು. 200 ವೋಲ್ಟಿನಲ್ಲಿ 24 ನಿಮಿಷಗಳು ಬೇಕು. ಯೂನಿಟ್ಟಿನ ಖರ್ಚು ಎರಡರಲ್ಲಿಯೂ ಒಂದೇ, ಸುಮಾರು 0.61. ವೋಲ್ಟೇಜು ಇಳಿದುದರಿಂದ ಬಿಲ್ಲು ಇಳಿಯಿತೆಂದು ಸಂತೋಷಪಡುವುದಕ್ಕೆ ಕಾರಣವಿಲ್ಲ.

ಉಪಕರಣದ ಹಣೆಬರಹವು ಅಳಿಸಿಹೋಗಿದ್ದರೆ ಮೀಟರೇ ಲೆಕ್ಕವನ್ನು ಒಪ್ಪಿಸುತ್ತದೆ. ಈಗಿನ ಮೀಟರುಗಳಲ್ಲಿ ಸಣ್ಣದೊಂದು ಕೆಂಪು ದೀಪ ಮಿನುಗುತ್ತಿರುತ್ತದೆ; ಎಷ್ಟು ಮಿನುಗಿಗೆ ಒಂದು ಯೂನಿಟ್ಟೆಂಬುದು ಮುಖದ ಮೇಲೆ ಅಚ್ಚಾಗಿರುತ್ತದೆ. ಆ ಸಂಖ್ಯೆ 3,200 ಎಂದಿಟ್ಟುಕೊಳ್ಳೋಣ. ಮನೆಯ ಇತರ ಉಪಕರಣಗಳನ್ನೆಲ್ಲ ಆರಿಸಿ, ಒಂದನ್ನು ಮಾತ್ರ ನಡೆಸಿ, 36 ಸೆಕೆಂಡುಗಳಲ್ಲಿ 32 ಮಿನುಗುಗಳನ್ನು ಎಣಿಸಿದರೆ ಖರ್ಚಾದದ್ದು ಯೂನಿಟ್ಟಿನ ನೂರನೆಯ ಒಂದು ಭಾಗ. ಕಾಲವೂ ಗಂಟೆಯ ನೂರನೆಯ ಒಂದು ಭಾಗ. ಆದುದರಿಂದ ಸಾಮರ್ಥ್ಯ 1,000 ವಾಟ್. ಅದು ಶಾಖದ ಉಪಕರಣವಾಗಿದ್ದರೆ ಪ್ರವಾಹವೂ ರೋಧವೂ ಮೇಲಿನ ರೀತಿಯಲ್ಲಿ ತಾವಾಗಿಯೇ ಬರುತ್ತವೆ. ಬೇಕಾದ ಸಲಕರಣೆ ಒಂದು ಗಡಿಯಾರ ಮಾತ್ರ.

5

ಹೀಟರಿಗೆ ಮಾತ್ರವಲ್ಲ, ಅದಕ್ಕೆ ವಿದ್ಯುತ್ತನ್ನು ತರುವ ತಂತಿಗೂ ರೋಧವಿದೆ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಗೆ ಮೀಟರ್ ಉದ್ದಕ್ಕೆ ಸುಮಾರು 0.0172 ಓಮ್. ಮೀಟರುಹಲಗೆಯಿಂದ ಸ್ನಾನದ ಮನೆಗೆ 20 ಮೀಟರ್ ದೂರವಿದ್ದರೆ, ಹೋಗಿಬರುವ ತಂತಿ 40 ಮೀಟರ್, ರೋಧ 0.69 ಓಮ್. 8.7 ಆಂಪೇರ್ ಹರಿದಾಗ ದಾರಿಯಲ್ಲಿ ನಷ್ಟವಾಗುವುದು 6 ವೋಲ್ಟ್, ತಂತಿಯಲ್ಲಿ ಹುಟ್ಟುವ ಶಾಖ 52 ವಾಟ್. ತಂತಿಯ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ನಷ್ಟ 12 ವೋಲ್ಟ್, ಶಾಖ 104 ವಾಟ್. ಈ ಶಾಖವು 40 ಮೀಟರಿನ ಮೇಲೆ ಹರಡಿಕೊಂಡಿರುವುದರಿಂದ ಕೈಗೆ ಬೆಚ್ಚಗೆ ತೋರಬಹುದು, ಅಷ್ಟೆ. ಅದೇ ತಂತಿಯನ್ನು ಸುರುಳಿ ಸುತ್ತಿ ಮೂಲೆಯಲ್ಲಿಟ್ಟರೆ, ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ಮೇಲುಹೊದಿಕೆ ಕರಗುತ್ತದೆ.

ಇದಕ್ಕಿಂತಲೂ ಹೆಚ್ಚಿನ ಅಪಾಯ ಸಡಿಲವಾದ ಕೂಡಿಕೆಯಲ್ಲಿದೆ. ತಿರುವೊಟ್ಟಿಯೂರಿನಂತಹ ಕಡಲತಡಿಯಲ್ಲಿ ಗಾಳಿಯೊಡನೆ ಉಪ್ಪೂ ತೇವವೂ ಒಳಗೆ ಬಂದು ಪ್ಲಗ್ಗಿನ ಹಿತ್ತಾಳೆಯ ಕಡ್ಡಿಗಳಿಗೂ ತಿರುಪುಗಳಿಗೂ ಕಿಲುಬು ಹಿಡಿಸುತ್ತವೆ. ಕಿಲುಬು ವಿದ್ಯುತ್ತಿಗೆ ಕೆಟ್ಟ ದಾರಿ. ಒಂದು ಕೂಡಿಕೆಯಲ್ಲಿ ಕೇವಲ ಅರ್ಧ ಓಮಿನ ರೋಧವು ಬೆಳೆದಿದೆಯೆಂದು ಭಾವಿಸಿದರೆ, 8.7 ಆಂಪೇರ್ ಹರಿಯುವಾಗ ಅಲ್ಲಿ ಹುಟ್ಟುವ ಶಾಖ ಸುಮಾರು 38 ವಾಟ್. ಬೆಸುಗೆಕಡ್ಡಿಯನ್ನು ಕಾಯಿಸಲು ಸಾಕಾಗುವ ಈ ಶಾಖವು ಅಕ್ಕಿಕಾಳಿನಷ್ಟು ಸ್ಥಳದಲ್ಲಿ ಸೇರಿಕೊಳ್ಳುತ್ತದೆ. ಪ್ಲಗ್ಗಿನ ಬುಡದಲ್ಲಿ ಕಾಣುವ ಕಪ್ಪು ಕಲೆಗೆ ಇದೇ ಅರ್ಥ. ಈ ಸ್ಥಿತಿಯಲ್ಲಿ ಫ್ಯೂಸು ನೆರವಿಗೆ ಬಾರದು. ಅಧಿಕ ರೋಧದಿಂದ ಪ್ರವಾಹವು ಕೊಂಚ ಕಡಮೆಯಾಗಿದೆಯೇ ಹೊರತು ಹೆಚ್ಚಿಲ್ಲ. ಫ್ಯೂಸು ನೋಡುವುದು ಪ್ರವಾಹವನ್ನು ಮಾತ್ರ. ಕಪ್ಪು ಕಲೆಯನ್ನು ಕಂಡೊಡನೆ ಪ್ಲಗ್ಗನ್ನೂ ಸಾಕೆಟ್ಟನ್ನೂ ಬದಲಾಯಿಸುವುದೊಂದೇ ಉಪಾಯ. 6 ಆಂಪೇರಿನ ಸಣ್ಣ ಸಾಕೆಟ್ಟಿನಿಂದ 8.7 ಆಂಪೇರಿನ ಹೀಟರನ್ನು ನಡೆಸುವುದೂ, ಫ್ಯೂಸು ಕರಗಿತೆಂದು ಅದರ ಸ್ಥಳದಲ್ಲಿ ದಪ್ಪ ತಂತಿಯನ್ನು ಕಟ್ಟುವುದೂ ಬೆಂಕಿಯನ್ನು ಮನೆಗೆ ಕರೆದಂತೆ.

6

ತಂತಿಯ ನಷ್ಟವು ಪ್ರವಾಹದ ವರ್ಗವನ್ನು ಅನುಸರಿಸುತ್ತದೆಂಬ ಈ ಒಂದು ಮಾತಿನ ಮೇಲೆ ಮೈಸೂರು ಸಂಸ್ಥಾನವು ತನ್ನ ದೊಡ್ಡ ಸಾಹಸವೊಂದನ್ನು ಕಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರೋತ್ಸಾಹದಿಂದ, ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್ ರೂಪಿಸಿದ ಯೋಜನೆಯಂತೆ, ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ದೂರ ಸುಮಾರು 147 ಕಿಲೋಮೀಟರ್. ಒತ್ತಡ 35,000 ವೋಲ್ಟ್. ಆ ಕಾಲಕ್ಕೆ ಪ್ರಪಂಚದ ಅತಿ ದೀರ್ಘವಾದ ಸಾಗಣೆಯ ಮಾರ್ಗಗಳಲ್ಲಿ ಅದೊಂದು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಅಲ್ಲಿಂದಲೇ ಬೆಳಕು ಬಂದಿತು.

35,000 ವೋಲ್ಟು ಏಕೆ ಬೇಕಾಯಿತೆಂಬುದನ್ನು ಸರಳವಾದ ಲೆಕ್ಕದಿಂದ ತಿಳಿಯಬಹುದು. ಹೋಗಿಬರುವ ತಂತಿಯ ರೋಧವು ಒಟ್ಟು 50 ಓಮ್ ಎಂದೂ, ಸಾಗಿಸಬೇಕಾದುದು 7 ಲಕ್ಷ ವಾಟ್ ಎಂದೂ ಉದಾಹರಣೆಗಾಗಿ ಇಟ್ಟುಕೊಳ್ಳೋಣ. 35,000 ವೋಲ್ಟಿನಲ್ಲಿ ಪ್ರವಾಹ 20 ಆಂಪೇರ್. ತಂತಿಯಲ್ಲಿ ನಷ್ಟ 20 × 20 × 50, ಎಂದರೆ 20,000 ವಾಟ್. ನೂರಕ್ಕೆ ಮೂರರೊಳಗಿನ ಈ ನಷ್ಟವನ್ನು ಯಾವ ವ್ಯಾಪಾರಿಯೂ ಸಹಿಸಿಯಾನು. ಒತ್ತಡವನ್ನು ಹತ್ತರಲ್ಲೊಂದಕ್ಕೆ, 3,500 ವೋಲ್ಟಿಗೆ, ಇಳಿಸಿದರೆ ಪ್ರವಾಹ 200 ಆಂಪೇರ್ ಆಗಬೇಕು. ಆಗ ತಂತಿಯೊಂದೇ 10,000 ವೋಲ್ಟನ್ನು ನುಂಗಬೇಕು. ತಲೆಯಲ್ಲಿರುವುದೇ 3,500 ವೋಲ್ಟ್ ಆದಕಾರಣ ಇದು ಅಸಾಧ್ಯ, ಸಾಗಣೆಯೇ ನಡೆಯದು. ನಷ್ಟವನ್ನು ಮೊದಲಿನಷ್ಟಕ್ಕೇ ಇಳಿಸಬೇಕಾದರೆ ತಂತಿಯನ್ನು ನೂರುಮಡಿ ದಪ್ಪ ಮಾಡಬೇಕು, ನೂರುಮಡಿ ತಾಮ್ರವನ್ನು ಕೊಳ್ಳಬೇಕು. ನಿಜವಾದ ಮಾರ್ಗದಲ್ಲಿದ್ದದ್ದು ಮೂರು ಹಂತಗಳ ಪರ್ಯಾಯ ಪ್ರವಾಹ. ಅದರ ಲೆಕ್ಕ ಸ್ವಲ್ಪ ಬೇರೆ, ತತ್ತ್ವ ಇದೇ.

ತಿರುವೊಟ್ಟಿಯೂರಿಗೂ ಈ ತತ್ತ್ವ ಸಮೀಪದ್ದೇ. ನೆರೆಯ ಎಣ್ಣೂರಿನಲ್ಲಿ 1970ರಲ್ಲಿ ಕೆಲಸವನ್ನಾರಂಭಿಸಿ, ಮುಂದೆ 450 ಮೆಗಾವಾಟಿಗೆ ಬೆಳೆದ ಉಷ್ಣವಿದ್ಯುತ್ ಸ್ಥಾವರವು 2017ರಲ್ಲಿ ಮುಚ್ಚಿತು. 2021ರಿಂದ ಊರಿನ ನಡುವೆ ವಿಮ್ಕೋನಗರದವರೆಗೆ ಓಡುತ್ತಿರುವ ಮೆಟ್ರೋ ರೈಲಿಗೆ ಮೇಲುತಂತಿಯಿಂದ 25,000 ವೋಲ್ಟಿನ ವಿದ್ಯುತ್ತು ದೊರೆಯುತ್ತದೆ. 10 ಲಕ್ಷ ವಾಟನ್ನು ಎಳೆದುಕೊಳ್ಳುವ ರೈಲಿಗೆ ಆ ಒತ್ತಡದಲ್ಲಿ 40 ಆಂಪೇರ್ ಸಾಕು. ಮನೆಯ 230 ವೋಲ್ಟಿನಲ್ಲಾದರೆ 4,300 ಆಂಪೇರಿಗೂ ಹೆಚ್ಚು ಬೇಕಾಗುತ್ತಿತ್ತು.

7

ಈ ಸೂತ್ರಗಳಿಗೂ ಎಲ್ಲೆಗಳುಂಟು. 100 ವಾಟಿನ ತಂತುದೀಪಕ್ಕೆ ಲೆಕ್ಕದಂತೆ 529 ಓಮ್ ರೋಧವಿರಬೇಕು. ಆರಿದ ದೀಪವನ್ನು ಮಾಪಕದಿಂದ ಅಳೆದರೆ ಅದರ ಹತ್ತನೆಯ ಒಂದು ಭಾಗವೂ ಕಾಣದಿರಬಹುದು. ಮಾಪಕವೂ ಸುಳ್ಳಲ್ಲ, ಸೂತ್ರವೂ ಸುಳ್ಳಲ್ಲ: ಲೋಹವು ಕಾದಷ್ಟೂ ಅದರ ರೋಧ ಏರುತ್ತದೆ, ಉರಿಯುವ ಟಂಗ್‌ಸ್ಟನ್ ತಂತುವಿನ ಶಾಖ 2,000 ಡಿಗ್ರಿಗೂ ಮೀರಿದ್ದು. ಎಲ್‌ಇಡಿ ದೀಪವಂತೂ ಓಮನ ನಿಯಮಕ್ಕೆ ಒಳಪಡುವ ವಸ್ತುವೇ ಅಲ್ಲ.

ಪಂಪು, ಪಂಖ ಮೊದಲಾದ ಮೋಟಾರುಗಳಲ್ಲಿ ಪರ್ಯಾಯ ಪ್ರವಾಹವು ಒತ್ತಡದೊಡನೆ ಹೆಜ್ಜೆ ಕೂಡಿಸಿ ನಡೆಯದೆ ಸ್ವಲ್ಪ ಹಿಂದೆ ಬೀಳುತ್ತದೆ. ಆದುದರಿಂದ ವೋಲ್ಟನ್ನು ಆಂಪೇರಿನಿಂದ ಗುಣಿಸಿ, ಬಂದುದನ್ನು ಮತ್ತೆ ಸಾಮರ್ಥ್ಯಾಂಕವೆಂಬ ಭಿನ್ನರಾಶಿಯಿಂದ ಗುಣಿಸಬೇಕು. 230 ವೋಲ್ಟಿನಲ್ಲಿ 5 ಆಂಪೇರ್ ಎಳೆಯುವ ಪಂಪಿನ ಸಾಮರ್ಥ್ಯಾಂಕ 0.8 ಆಗಿದ್ದರೆ ಅದರ ಸಾಮರ್ಥ್ಯ 1,150 ವಾಟಲ್ಲ, 920 ವಾಟ್. ವೋಲ್ಟೇಜು ಇಳಿದಾಗ ಹೀಟರು ಸುಮ್ಮನೆ ತಣ್ಣಗಾದರೆ, ಭಾರವನ್ನೆಳೆಯುತ್ತಿರುವ ಮೋಟಾರು ಅದೇ ಕೆಲಸಕ್ಕಾಗಿ ಹೆಚ್ಚು ಪ್ರವಾಹವನ್ನು ಎಳೆದುಕೊಂಡು ಕಾಯುತ್ತದೆ. ಬೇಸಿಗೆಯಲ್ಲಿ ಪಂಪುಗಳ ಸುರುಳಿ ಸುಡುವುದಕ್ಕೆ ಇದೊಂದು ಕಾರಣ.

8

ಕಟ್ಟಕಡೆಗೆ ಮನುಷ್ಯದೇಹ. ಅದೂ ವಿದ್ಯುತ್ತಿಗೆ ಒಂದು ರೋಧವೇ. ಒಣ ಚರ್ಮದ ರೋಧ ಹಲವು ಸಾವಿರ ಓಮ್‌ಗಳಷ್ಟಿದ್ದೀತು. ಮೈ ಒದ್ದೆಯಾದಾಗ ಅದು 1,000 ಓಮ್‌ಗೆ ಹತ್ತಿರವಾಗುತ್ತದೆ. 230ನ್ನು 1,000ದಿಂದ ಭಾಗಿಸಿದರೆ 0.23 ಆಂಪೇರ್. ಎದೆಯ ಮೂಲಕ ಹಾದರೆ ಹೃದಯದ ಬಡಿತವನ್ನು ಕೆಡಿಸಿ ಕೊಲ್ಲಲು ಇದು ಧಾರಾಳವಾಗಿ ಸಾಕು. 6 ಆಂಪೇರಿನ ಫ್ಯೂಸಿಗೆ ಇದು ಲೆಕ್ಕಕ್ಕೇ ಬಾರದ ಪ್ರವಾಹ, ಅದರ ಇಪ್ಪತ್ತಾರನೆಯ ಒಂದು ಭಾಗ. ಫ್ಯೂಸು ಕಾಯುವುದು ಮನೆಯ ತಂತಿಯನ್ನು, ಮನೆಯವರನ್ನಲ್ಲ. ಮನೆಯವರನ್ನು ಕಾಯಲೆಂದೇ ಬೇರೊಂದು ಸಾಧನವಿದೆ: ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸರಿಸಮವಾಗಿವೆಯೇ ಎಂದು ಅದು ಎಡೆಬಿಡದೆ ತಾಳೆ ನೋಡುತ್ತಿದ್ದು, 0.03 ಆಂಪೇರಿನ ಅಂತರ ಕಂಡರೂ ಕ್ಷಣಾರ್ಧದಲ್ಲಿ ಸಂಬಂಧವನ್ನು ಕತ್ತರಿಸುತ್ತದೆ. ಜಮೆಯೂ ಖರ್ಚೂ ತಾಳೆಯಾಗದಿದ್ದರೆ ಹಣ ಎಲ್ಲಿಯೋ ಸೋರುತ್ತಿದೆಯೆಂದು ತಿಳಿಯುವ ಲೆಕ್ಕಪರೀಕ್ಷಕನ ಕ್ರಮವೇ ಇದು. ಇಲ್ಲಿ ಸೋರಿಕೆಯೆಂದರೆ ಯಾರದೋ ದೇಹದ ಮೂಲಕ ನೆಲಕ್ಕೆ ಹರಿಯುತ್ತಿರುವ ವಿದ್ಯುತ್ತು.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಯಿಂದ ಚೆನ್ನೈಯ ಬೀದಿಗಳು ಜಲಮಯವಾದಾಗ ಅನೇಕ ಕಡೆಗಳಲ್ಲಿ ವಿದ್ಯುತ್ತನ್ನು ಮುನ್ನೆಚ್ಚರಿಕೆಯಾಗಿ ನಿಲ್ಲಿಸಿದ್ದರು. ಕತ್ತಲೆಯಲ್ಲಿ ಕುಳಿತ ಜನಕ್ಕೆ ಬೇಸರವಾದದ್ದು ಸಹಜ. ಆದರೆ ನಿಂತ ನೀರಿನಲ್ಲಿ ನಡೆಯುವವನ ರೋಧವನ್ನೂ ತಂತಿಯ ವೋಲ್ಟನ್ನೂ ಮುಂದಿಟ್ಟುಕೊಂಡು ಒಂದೇ ಒಂದು ಭಾಗಾಹಾರ ಮಾಡಿದರೆ ಆ ಕತ್ತಲೆಯ ಬೆಲೆ ತಿಳಿಯುತ್ತದೆ. ಮನೆಯೊಳಕ್ಕೆ ನೀರು ಬರುವ ಮುನ್ನವೇ ಮುಖ್ಯ ಸ್ವಿಚ್ಚನ್ನು ಆರಿಸುವುದು, 0.03 ಆಂಪೇರಿನ ಆ ಸಾಧನವನ್ನು ಮೀಟರಿನ ಬಳಿ ಹಾಕಿಸುವುದು, ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು—ಇವು ತಿರುವೊಟ್ಟಿಯೂರಿನ ಮನೆಗೆ ಎಷ್ಟು ಅಗತ್ಯವೋ ಕಡಲತಡಿಯ ಮಂಗಳೂರು, ಕಾಸರಗೋಡುಗಳ ಮನೆಗಳಿಗೂ ಅಷ್ಟೇ ಅಗತ್ಯ.